ಪಂಪ್ ಇಲ್ಲದ ಡಬ್ಬದಲ್ಲೇ ಲೆಟ್ಯೂಸ್ ಬಂತು

ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಸೊಪ್ಪು ಬೆಳೆಯೋಕೆ ಯಾವ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಲ್ಲೇ ಬೆಳೆಯುವ) ಸೆಟ್ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ. ಮುಚ್ಚಳ ಇರುವ ಥರ್ಮೋಕೋಲ್ ಡಬ್ಬ ತಗೊಳ್ಳಿ. ಗೊಬ್ಬರ ಬೆರೆಸಿದ ನಿಂತ ನೀರಲ್ಲೇ ಗಿಡ ಬೆಳೆಸುವ ಕ್ರಾಟ್ಕಿ ವಿಧಾನ ಸಾಕು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಹೇಳಿಕೊಟ್ಟಿದ್ದು, ಪಂಪೂ ಬೇಡ, ಪೈಪೂ ಬೇಡ. ಇದನ್ನು ಹೇಳಿ ಮೈಸೂರಿನಲ್ಲಿ ನಾನು ನಗಿಸಿಕೊಂಡಿದ್ದು ಸ್ವಲ್ಪ ಅಲ್ಲ. "ನಿಂತ ನೀರಲ್ಲಿ ಬೆಳೆಯೋಕೆ ಅದೇನು ತಾವರೆನಾ ಸಾರ್?" ಅಂತ ಕುವೆಂಪುನಗರದ ತಾರಸಿ ತೋಟದವರೊಬ್ಬರು ಕೇಳಿದ್ದರು. ಅವರ ಮನೆಗೂ ಈಗ ನನ್ನ ಲೆಟ್ಯೂಸೇ ಹೋಗುತ್ತದೆ, ದುಡ್ಡಿಗೆ.

ಇಲ್ಲಿಗೆ ಬರುವ ಮೊದಲು ಕೈ ಸುಟ್ಟಿದ್ದು ಎನ್‌ಎಫ್‌ಟಿ ಪೈಪ್ ಸೆಟ್‌ನಲ್ಲಿ, ಅಂದರೆ ಪೈಪಿನೊಳಗೆ ಗೊಬ್ಬರದ ನೀರನ್ನು ಪಂಪ್ ಸದಾ ಹರಿಸುವ ಸೆಟ್. ಸ್ಟ್ಯಾಂಡ್, ಪಂಪ್, ಟ್ಯಾಂಕ್ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ನೋಡೋಕೆ ಚೆನ್ನ, ಬಂದವರೆಲ್ಲ ಫೋಟೋ ತೆಗೆಯುತ್ತಿದ್ದರು. ಆದರೆ ಪೈಪಿನಲ್ಲಿ ಹರಿಯುವುದು ತೆಳ್ಳನೆ ನೀರು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ಎರಡು ಗಂಟೆ ಬರದಿದ್ದರೆ ಗಿಡ ತಲೆ ಬಗ್ಗಿಸುತ್ತದೆ. ಯುಪಿಎಸ್‌ಗೆ ಕೊಟ್ಟೆ. ಆಮೇಲೆ ಪುದೀನ ಹಾಕಿದೆ ನೋಡಿ, ಅಲ್ಲಿಗೆ ಮುಗಿಯಿತು. ಪುದೀನದ ಬೇರು ಪೈಪ್ ತುಂಬ ಚಾಪೆ ಹೆಣೆದು, ನೀರು ತೂತುಗಳಿಂದ ಉಕ್ಕಿ ಹಾಲ್‌ವರೆಗೂ ಬಂತು. ಅರ್ಧಕ್ಕಿಂತ ಕಡಿಮೆ ರೇಟಿಗೆ ಸೆಟ್ ಮಾರಿದೆ.

ಆಮೇಲೆ ಡಿಡಬ್ಲ್ಯೂಸಿ, ಅಂದರೆ ಬೇರು ಪೂರ್ತಿ ನೀರಲ್ಲಿ ಮುಳುಗಿರುವ, ಆ ನೀರಿಗೆ ಗಾಳಿ ಊದುವ ಪದ್ಧತಿ. ಬಕೆಟ್, ಏರ್ ಪಂಪ್, ಗಾಳಿ ಕಲ್ಲು, ಖರ್ಚು ಕಡಿಮೆ. ಮಳೆಗಾಲ, ಚಳಿಗಾಲದಲ್ಲಿ ಚೆನ್ನಾಗಿ ಬಂತು. ಏಪ್ರಿಲ್‌ನಲ್ಲಿ ಬಕೆಟ್ ನೀರು 29 ಡಿಗ್ರಿ ಮುಟ್ಟಿತು. 25 ದಾಟಿದರೆ ನೀರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ, ಬೇರು ಕೊಳೆಸುವ ಪಿಥಿಯಮ್ ರೋಗಾಣುವಿಗೆ ಹಬ್ಬ. ಬಿಳಿ ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬರುತ್ತಿತ್ತು. ವಾಸನೆ ಬೇರೆ. ಐಸ್ ಮಾಡಿದ ಬಾಟಲಿ ಇಳಿಬಿಟ್ಟು ನೋಡಿದೆ. ಫ್ರಿಜ್‌ನಲ್ಲಿ ಹಾಲಿಗೆ ಜಾಗ ಇಲ್ಲ ಅಂತ ಮನೆಯಲ್ಲಿ ಗಲಾಟೆ ಆಗಿದ್ದೇ ಲಾಭ.

ಕ್ರಾಟ್ಕಿ ಡಬ್ಬದಲ್ಲಿ ಆಗುವುದೇ ಬೇರೆ. ಶುರುವಿನಲ್ಲಿ ನೀರು ನೆಟ್ ಪಾಟ್‌ನ (ಮುಚ್ಚಳದ ತೂತಿನಲ್ಲಿ ಗಿಡ ಕೂರಿಸುವ ಜಾಲರಿ ಕಪ್ಪಿನ) ತಳ ಮುಟ್ಟುವಷ್ಟು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ನಡುವೆ ಗಾಳಿಯ ಜಾಗ ಬರುತ್ತದೆ. ಮುಚ್ಚಳ ಎತ್ತಿ ನೋಡಿ. ಮೇಲಿನ ಬೇರಿಗೆ ಬಿಳಿ ನೂಲಿನಂಥ ರೋಮ ಬಂದಿರುತ್ತದೆ. ಅದು ಗಾಳಿ ಕುಡಿಯುವ ಬೇರು, ಹಾಗಾಗಿ ನೀರು ಸ್ವಲ್ಪ ಬೆಚ್ಚಗಾದರೂ ಗಿಡ ತಡೆಯುತ್ತದೆ. ನಮ್ಮ ಜನ ಸೋಲುವುದು ಇಲ್ಲೇ. ನೀರು ಇಳಿಯಿತಲ್ಲ ಅಂತ ಕಂಠಮಟ್ಟ ತುಂಬಿಸಿಬಿಡುತ್ತಾರೆ, ಗಾಳಿ ಬೇರು ಮುಳುಗಿ ಗಿಡ ಸಾಯುತ್ತದೆ, "ಈ ವಿಧಾನವೇ ಸರಿಯಿಲ್ಲ" ಅಂತಾರೆ. ನನ್ನ ಡಬ್ಬ ಸುಮಾರು 20 ಲೀಟರ್, ಅದಕ್ಕೆ ಐದು ಲೆಟ್ಯೂಸ್. ಒಂದು ಗಿಡಕ್ಕೆ 4 ಲೀಟರ್ ಲೆಕ್ಕ. ಇಸಿ, ಅಂದರೆ ನೀರಲ್ಲಿ ಕರಗಿದ ಗೊಬ್ಬರದ ಉಪ್ಪಿನ ಅಳತೆ, 1.2ರ ಹತ್ತಿರ, ಬೇಸಿಗೆಯಲ್ಲಿ 1ಕ್ಕೆ ಇಳಿಸುತ್ತೇನೆ. ಸೆಕೆಗೆ ಗಿಡ ಉಪ್ಪಿಗಿಂತ ನೀರು ಜಾಸ್ತಿ ಎಳೆಯುತ್ತದೆ, ಉಳಿದ ನೀರಲ್ಲಿ ಉಪ್ಪಿನ ಪ್ರಮಾಣ ತಾನಾಗೇ ಏರುತ್ತದೆ. ನೀರು ಅರ್ಧಕ್ಕೆ ಇಳಿದ ಮೇಲೆ ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದು ಇಲ್ಲಿ ಬೇಡ.

ಡಬ್ಬಕ್ಕೆ ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಸುತ್ತಲೇಬೇಕು. ಥರ್ಮೋಕೋಲ್ ಬೆಳಕು ಬಿಡುತ್ತದೆ, ಪಾಚಿ ಬರುತ್ತದೆ. ಇನ್ನೊಂದು, ಸೊಳ್ಳೆ. ಡೆಂಗಿ ಸಮಯದಲ್ಲಿ ಲಾರ್ವಾ ನೋಡೋಕೆ ಆಶಾ ಕಾರ್ಯಕರ್ತೆ ಬಂದಿದ್ದರು. ಟಾರ್ಚ್ ಹಿಡಿದು ಒಂದೊಂದೇ ಮುಚ್ಚಳ ತೆಗೆಸಿದರು. ಒಂದು ಹುಳವೂ ಸಿಗಲಿಲ್ಲ, ಯಾಕೆಂದರೆ ಪ್ರತಿ ನೆಟ್ ಪಾಟ್ ಸುತ್ತ ಪಾತ್ರೆ ತೊಳೆಯುವ ಸ್ಪಂಜ್ ಕತ್ತರಿಸಿ ಒತ್ತಿದ್ದೇನೆ. ಇಷ್ಟು ಮಾಡದೆ ಕ್ರಾಟ್ಕಿ ಮಾಡಬೇಡಿ.

ಗೊಬ್ಬರಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ ಅಂಗಡಿಯ 19:19:19 ಸಾಕು ಅನ್ನುವವರಿದ್ದಾರೆ. ಸಾಲದು. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ಅದು ಇಸಿ ಮೀಟರ್‌ಗೆ ಕಾಣುವುದೇ ಇಲ್ಲ. ಕ್ಯಾಲ್ಸಿಯಂ ಅಂತೂ ಸೊನ್ನೆ. ಒಂದು ಡಬ್ಬ ಪೂರ್ತಿ ಹಳದಿಯಾಯಿತು. ಈಗ ಕ್ಯಾಲ್ಸಿಯಂ ನೈಟ್ರೇಟ್ ಒಂದು ಕ್ಯಾನ್‌ನಲ್ಲಿ, 13:0:45 (ಪೊಟ್ಯಾಸಿಯಂ ನೈಟ್ರೇಟ್), 0:52:34 (ಮೋನೊ ಪೊಟ್ಯಾಸಿಯಂ ಫಾಸ್ಫೇಟ್), ಎಪ್ಸಮ್ ಉಪ್ಪು, ಲಘು ಪೋಷಕಾಂಶ ಇನ್ನೊಂದರಲ್ಲಿ. ಎ, ಬಿ ಅಂತ ಎರಡು ಬಾಟಲಿಯಲ್ಲಿ ಸಿಗುವ ರೆಡಿಮೇಡ್ ಹೈಡ್ರೋಪೋನಿಕ್ ಗೊಬ್ಬರದ ಕಾಲು ಭಾಗದಷ್ಟೂ ಖರ್ಚಿಲ್ಲ. ಲೆಟ್ಯೂಸ್ ಎಳೆಯ ಎಲೆಯ ತುದಿ ಸುಟ್ಟಂತಾದರೆ ಕ್ಯಾಲ್ಸಿಯಂ ಇನ್ನಷ್ಟು ಸುರಿಯಬೇಡಿ, ಒಂದು ಟೇಬಲ್ ಫ್ಯಾನ್ ಇಡಿ. ಎಲೆಗೆ ಗಾಳಿ ಆಡಿದರೆ ಕ್ಯಾಲ್ಸಿಯಂ ತಾನೇ ಮೇಲೇರುತ್ತದೆ.

ಸುಮ್ನೆ ಕುತೂಹಲಕ್ಕೆ ಜೀವಾಮೃತ ಸೋಸಿ ಒಂದು ಡಬ್ಬಕ್ಕೆ ಹಾಕಿದ್ದೆ. ಬೆಲ್ಲ, ಗಂಜಲ, ಮುಚ್ಚಿದ ಕೋಣೆ. ಮುಂದೆ ಹೇಳುವುದು ಬೇಡ ಅಲ್ವಾ? ಮಣ್ಣಿನ ಮಡಕೆಯಲ್ಲೂ ಮಾಡಿದೆ, ನೀರು ತಣ್ಣಗಿರಲಿ ಅಂತ. ತಣ್ಣಗೇನೋ ಇತ್ತು. ಆದರೆ ಗೊಬ್ಬರದ ಉಪ್ಪು ಮಡಕೆಯ ಹೊರಮೈಗೆ ಬಿಳಿ ಪುಡಿಯಾಗಿ ಬಂದು ಕೂತಿತು. ತುಳಸಿ ಜಾತಿಯದೇ ಆದ ಬೇಸಿಲ್ ಮಾತ್ರ ಅದರಲ್ಲೂ ಜಗ್ಗಲಿಲ್ಲ.

ಬೆಳಕಿಗೆ ನೇರಳೆ ಬಣ್ಣದ ಗ್ರೋ ಲೈಟ್ ತಂದಿದ್ದೆ, ಎರಡೂವರೆ ಸಾವಿರ. ಆ ಬೆಳಕಲ್ಲಿ ಎಲೆ ಹಳದಿಯೋ ಹಸಿರೋ ಗೊತ್ತಾಗುವುದಿಲ್ಲ. ಈಗ 20 ವ್ಯಾಟ್‌ನ ಬಿಳಿ ಎಲ್‌ಇಡಿ ಬ್ಯಾಟನ್ ನಾಲ್ಕು, ಎಲೆಯಿಂದ ಒಂದು ಗೇಣು ಮೇಲೆ, ದಿನಕ್ಕೆ 14 ಗಂಟೆ. ತಿಂಗಳಿಗೆ 34 ಯೂನಿಟ್ ಆಸುಪಾಸು. ಗೃಹಜ್ಯೋತಿ ಇರುವವರು ಇದನ್ನು ಲೆಕ್ಕ ಹಾಕಿಕೊಳ್ಳಿ. ನಿಮಗೆ ಗೊತ್ತು ಮಾಡಿರುವ ಯೂನಿಟ್ ದಾಟಿದರೆ ಅಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್.

ಮಂಡ್ಯದಲ್ಲಿ ಭಾವನ ಮನೆಯಲ್ಲೂ ಇದೇ ಡಬ್ಬ ಇಟ್ಟೆವು. ಅವರು ಕಬ್ಬು ಬೆಳೆಯುವವರು, "ಏನಪ್ಪಾ, ಗದ್ದೆ ಬಿಟ್ಟು ಡಬ್ಬದಲ್ಲಿ ಬೇಸಾಯ ಮಾಡಿಸ್ತೀಯಾ?" ಅಂದರು. ಗಿಡ ಏಳಲಿಲ್ಲ. ನಮ್ಮ ಮನೆಯ ಕಾವೇರಿ ನೀರಿನ ಟಿಡಿಎಸ್ (ನೀರಲ್ಲಿ ಮೊದಲೇ ಕರಗಿರುವ ಲವಣ) 200ರ ಒಳಗೆ, ಅವರ ಬೋರ್ ನೀರು 900ರ ಹತ್ತಿರ. ಆ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟು ಇಳಿಸಿದರೂ ಮತ್ತೆ ಮೇಲೇರುತ್ತಿತ್ತು. ತಾರಸಿಯ ಮಳೆ ನೀರು ಹಿಡಿದು ಹಾಕಿದ ಮೇಲೆ ಸರಿಯಾಯಿತು. ಬೋರ್ ನೀರಿನವರು ಡಬ್ಬಕ್ಕಿಂತ ಮೊದಲು ಟಿಡಿಎಸ್ ಮೀಟರ್ ಕೊಳ್ಳಿ.

ಯಾವ ಸೊಪ್ಪು ಅನ್ನುವುದರಲ್ಲೂ ಭ್ರಮೆ ಬೇಡ. ದಂಟು, ಮೆಂತ್ಯ, ಸಬ್ಬಸಿಗೆಗೆ ಲೈಟ್ ಉರಿಸುವುದು ದಂಡ, ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟು ಬಿದ್ದಿರುತ್ತದೆ. ಕೊತ್ತಂಬರಿ ಬೇಸಿಗೆಯಲ್ಲಿ ಕಟ್ಟು 40 ಮುಟ್ಟಿದಾಗ ಮಾತ್ರ ಹಾಕುತ್ತೇನೆ. ಬೀಜ ಒಡೆದು ಯಾವುದರಲ್ಲಿ ನೆನೆಸುತ್ತೇನೆ ಅನ್ನುವುದನ್ನು ಮನೆಗೆ ಬಂದವರಿಗೂ ಹೇಳಿಲ್ಲ. ಪುದೀನಕ್ಕೆ ಹಳೆಯ ಡಿಡಬ್ಲ್ಯೂಸಿ ಬಕೆಟ್ ಒಂದನ್ನು ಉಳಿಸಿಕೊಂಡಿದ್ದೇನೆ. ದುಡ್ಡು ಬರುವುದು ಲೆಟ್ಯೂಸ್ ಮತ್ತು ಬೇಸಿಲ್‌ನಿಂದ. ಗೋಕುಲಂನಲ್ಲಿ ಯೋಗ ಕಲಿಯೋಕೆ ಬರುವ ವಿದೇಶಿಯರಿಂದಾಗಿ ಕೆಫೆಗಳಿವೆ, ಅಲ್ಲಿ ಎರಡು ಕಡೆ ಕೊಡುತ್ತೇನೆ. ಎಂಟು ಡಬ್ಬಕ್ಕೆ ಆದ ಖರ್ಚು, ಲೈಟೂ ಸೇರಿ, ನಾಲ್ಕು ಸಾವಿರ ದಾಟಿಲ್ಲ. ತಿಂಗಳಿಗೆ ಒಂದೂವರೆಯಿಂದ ಎರಡು ಸಾವಿರ ಬರುತ್ತದೆ, ಯೋಗದ ಸೀಸನ್ ಮುಗಿದರೆ ಅದರ ಅರ್ಧ.