ಕೆರೆ ಹೂಳೆತ್ತಲು ದೇಣಿಗೆ ಪತ್ರ ಬರೆಯುವುದು ಹೇಗೆ?

ಮಳೆ ಈಗ ಹದವರಿತು ಬೀಳುವುದಿಲ್ಲ. ನಾಲ್ಕು ದಿನ ಧೋ ಎಂದು ಸುರಿದು ವಾರಗಟ್ಟಲೆ ಮರೆಯಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಸುರಿದ ನೀರು ನಿಲ್ಲಬೇಕಾದರೆ ಕೆರೆಯ ಹೂಳು ತೆಗೆಯಬೇಕು, ಅದಕ್ಕೆ ದುಡ್ಡು ಬೇಕು. ಒಳ್ಳೆಯ ಕೆಲಸ ಹಿಡಿದವರೂ ಕೆಟ್ಟ ಪತ್ರ ಬರೆದು ಬರಿಗೈಲಿ ಕೂತಿದ್ದನ್ನು ಕಂಡಿದ್ದೇನೆ.

1. ಕೆರೆ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ವಿಚಾರಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಜೆಸಿಬಿ, ಟ್ರ್ಯಾಕ್ಟರ್ ಬಾಡಿಗೆಯ ಅಂದಾಜು ಬರೆಸಿಕೊಳ್ಳಿ.

2. ಒಬ್ಬರ ಕಥೆಯಿಂದ ಶುರು ಮಾಡಿ. ಬೋರ್‌ವೆಲ್ ಬತ್ತಿ ತೋಟ ಒಣಗಿಸಿಕೊಂಡ ನಿಮ್ಮೂರಿನವರೇ ಸಾಕು, ಅವರನ್ನು ಕೇಳಿಯೇ ಬರೆಯಿರಿ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಸಿದ ಒಬ್ಬ ಹುಡುಗಿಯ ಕಥೆ ಓದಿದವರು ಬರೀ ಅಂಕಿಅಂಶ ಓದಿದವರ ಸುಮಾರು ಎರಡರಷ್ಟು ಕೊಟ್ಟರು. ಕಥೆಗೆ ಅಂಕಿ ಬೆರೆಸಿದಾಗ ದೇಣಿಗೆ ಮತ್ತೆ ಇಳಿಯಿತು. ಖರ್ಚಿನ ಲೆಕ್ಕ ಹಿಂಬದಿಯ ಪುಟದಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಸಿಗುವ ಬಿರುಕು ನೆಲದ ಚಿತ್ರ ಬೇಡವೇ ಬೇಡ. ನಿಮ್ಮ ಕೆರೆಯ ತೂಬಿನ ಫೋಟೊ ನೀವೇ ತೆಗೆಯಿರಿ.

3. ಎಲ್ಲರೂ ಎಡವುವುದು ಇಲ್ಲೇ. ‘ಯಾರೂ ಕಾಳಜಿ ತೋರುತ್ತಿಲ್ಲ, ನೀವಾದರೂ ಕೊಡಿ’ ಎಂದು ಬರೆಯುತ್ತಾರೆ. ಓದಿದವರಿಗೆ ಅನಿಸುವುದು ಒಂದೇ: ಯಾರೂ ಕೊಡದಿದ್ದ ಮೇಲೆ ನಾನೊಬ್ಬ ಕೊಟ್ಟು ಏನಾದೀತು? 2024ರಲ್ಲಿ ಪ್ರಕಟವಾದ, 125 ದೇಶಗಳ ಸುಮಾರು 1.3 ಲಕ್ಷ ಜನರ ಸಮೀಕ್ಷೆ ಇದನ್ನೇ ಹೇಳುತ್ತದೆ. ಹವಾಮಾನ ಬದಲಾವಣೆ ತಡೆಯಲು ತಿಂಗಳ ಆದಾಯದ ಶೇ 1ರಷ್ಟು ಕೊಡಲು ಶೇ 69 ಮಂದಿ ಸಿದ್ಧರಿದ್ದರು. ಬೇರೆಯವರಲ್ಲಿ ಎಷ್ಟು ಜನ ಕೊಟ್ಟಾರು ಎಂದು ಕೇಳಿದರೆ ಅವರ ಸರಾಸರಿ ಊಹೆ ಶೇ 43 ಮಾತ್ರ. ಅಮೆರಿಕದಲ್ಲಿ ಇಂಥ ತಪ್ಪು ಅಂದಾಜನ್ನು ತಿದ್ದಿದಾಗ ದೇಣಿಗೆ ಏರಿತು.

ಆದ್ದರಿಂದ ಪತ್ರ ಅಚ್ಚಿಗೆ ಹೋಗುವ ಮೊದಲು ಮೂವತ್ತು ಮನೆಗೆ ಹೋಗಿ ‘ಕೊಡುತ್ತೀರಾ?’ ಎಂದು ಕೇಳಿ ಬನ್ನಿ. ಹತ್ತೊಂಬತ್ತು ಮನೆಯವರು ಹೂಂ ಎಂದರೆ ‘ಕೇಳಿದ ಮೂವತ್ತು ಮನೆಗಳಲ್ಲಿ ಹತ್ತೊಂಬತ್ತು ಒಪ್ಪಿವೆ’ ಎಂದೇ ಬರೆಯಿರಿ. ಒಂದನ್ನೂ ಹೆಚ್ಚಿಸಬೇಡಿ. ಊರಲ್ಲಿ ಸುಳ್ಳು ಸಂಜೆಯೊಳಗೆ ಬಯಲಾಗುತ್ತದೆ. ಒಪ್ಪಿದವರು ಏಳೇ ಮನೆಯಾದರೆ ಪತ್ರ ತಡೆದು, ಇನ್ನೊಂದು ಸುತ್ತು ಹೋಗಿ.

4. ಕ್ಯೂಆರ್ ಕೋಡ್ ಸಂಘದ ಖಾತೆಯದಾಗಿರಲಿ, ಒಬ್ಬರ ಸ್ವಂತ ನಂಬರಿನದು ಬೇಡ. ನೂರು ರೂಪಾಯಿಗೂ ರಸೀದಿ ಕೊಡಿ. ಮುಖಂಡರ ಮುಖಗಳಿರುವ ಫ್ಲೆಕ್ಸ್‌ಗೆ ಒಂದು ರೂಪಾಯಿಯೂ ಸುರಿಯಬೇಡಿ, ಅದು ಹೂಳೆತ್ತುವ ದುಡ್ಡು.

5. ಹಂಚುವುದು ಸಂಕ್ರಾಂತಿ ಕಳೆದ ಮೇಲೆ, ಸುಗ್ಗಿಯ ಹಣ ಕೈಯಲ್ಲಿರುವಾಗ. ಯುಗಾದಿಯ ಹೊತ್ತಿಗೆ ಕೆರೆಗೆ ಜೆಸಿಬಿ ಇಳಿದಿರಬೇಕು.