ಮುಖದೊಳಗೆ ದುರ್ಗದ ಬಂಡೆ: ಡಬಲ್ ಎಕ್ಸ್‌ಪೋಷರ್ ಕೊನೆಗೂ ಕೂತಿತು

ಒಂದು ಫೋಟೋದೊಳಗೆ ಇನ್ನೊಂದು ಫೋಟೋ ಬೆರೆಸಿ ಒಂದೇ ಚಿತ್ರ ಮಾಡುವುದೇ ಡಬಲ್ ಎಕ್ಸ್‌ಪೋಷರ್. ನನ್ನ ಮುಖದೊಳಗೆ ಚಿತ್ರದುರ್ಗದ ಬಂಡೆ ಕೂರಿಸಲು ಹೊರಟಿದ್ದೆ. "ಬಂಡೆ ಹಾಕಿದ್ರೆ ಮುಖ ಸತ್ತಂಗೆ ಕಾಣ್ತದಣ್ಣಾ, ಎಲ್ಲರಂಗೆ ಮರ ಹಾಕು" ಅಂತ ದಾವಣಗೆರೆಯ ನಮ್ಮ ಮದುವೆ ಫೋಟೋ ಹುಡುಗರು ಹೇಳುತ್ತಲೇ ಇದ್ದರು. ಈಗ ಅವರೇ ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಕೇಳುತ್ತಿದ್ದಾರೆ. ಫೈಲ್ ಕೊಡಲ್ಲ, ಮಾಡಿದ್ದು ಹೇಗೆ ಅಂತ ಹೇಳುತ್ತೇನೆ.

ಮರವನ್ನೂ ನೋಡಿದ್ದಾಯಿತು. ಹುಣಸೆ ಮರದ ಸಣ್ಣ ಎಲೆಗಳು ಸ್ಕ್ರೀನ್ ಮೋಡ್‌ಗೆ (ಎರಡು ಫೋಟೋ ಬೆರೆಸಿದಾಗ ಬಿಳಿ ಬಿಳಿಯಾಗೇ ಉಳಿದು, ಕಪ್ಪಿದ್ದಲ್ಲಿ ಇನ್ನೊಂದು ಫೋಟೋ ಕಾಣುವ ವಿಧಾನ) ಹೋದ ಕೂಡಲೇ ಕೆನ್ನೆ ಮೇಲೆ ಬರೀ ಬೂದು ಗಲೀಜು. ಕುಂದವಾಡ ಕೆರೆ ನೀರು ಹಾಕಿದೆ, ಮುಖ ಸಪ್ಪೆಯಾಯಿತು. ಅಷ್ಟರಲ್ಲಿ ದುಡ್ಡು ಹರಿದಿತ್ತು. ಬಿಳಿ ಪೇಪರ್ ರೋಲ್ ಮತ್ತು ಸ್ಟ್ಯಾಂಡ್‌ಗೇ ಐದು ಸಾವಿರದ ಹತ್ತಿರ. ಮಳೆಗಾಲದ ತೇವಕ್ಕೆ ಆ ಪೇಪರ್ ಅಲೆಅಲೆಯಾಗಿ ಎದ್ದು ಕೂತಿತು. ಕೊನೆಗೆ ಕೆಲಸಕ್ಕೆ ಬಂದಿದ್ದು ಹಿಂದಿನ ರೂಮಿನ ಸುಣ್ಣದ ಗೋಡೆ. ಒಂದು ಫ್ಲ್ಯಾಶ್ ಗೋಡೆಗೆ, ಮುಖಕ್ಕೆ ಪಕ್ಕದ ಕಿಟಕಿಯ ಬೆಳಕು, ಅಷ್ಟೆ. ಗೋಡೆ ಪೂರ್ತಿ ಬಿಳಿಯಾಗಬೇಕು, ಮುಖ ಎರಡು ಸ್ಟಾಪ್‌ ಕಡಿಮೆ, ಅಂದರೆ ಅದರ ಕಾಲುಭಾಗ ಬೆಳಕಿನಲ್ಲಿ ಇರಬೇಕು. ನನ್ನದೇ ಫೋಟೋ ಅಲ್ವಾ, ಫೋಕಸ್‌ಗೆ ಯಾರಿರುತ್ತಾರೆ? ನಾನು ನಿಲ್ಲುವಲ್ಲಿ ಲೈಟ್ ಸ್ಟ್ಯಾಂಡ್ ಇಟ್ಟು, ಅದಕ್ಕೊಂದು ಟೋಪಿ ಹಾಕಿ ಫೋಕಸ್ ಮಾಡಿಕೊಂಡು ಮ್ಯಾನುಯಲ್‌ಗೆ ತಿರುಗಿಸಿದೆ. ಆಮೇಲೆ ಹತ್ತು ಸೆಕೆಂಡಿನ ಟೈಮರ್.

ಆದರೆ ಗುಟ್ಟಿರುವುದು ಮುಖದ ಫೋಟೋದಲ್ಲಲ್ಲ, ಎರಡನೇ ಫೋಟೋದಲ್ಲಿ.

ಬೇಸಿಗೆಯಲ್ಲಿ ತೆಗೆದ ಚಿತ್ರದುರ್ಗದ ಬಂಡೆಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಒಂದೂ ಕೂರಲಿಲ್ಲ. ಒಣಗಿದ ಕಲ್ಲು ತಿಳಿ ಬೂದು, ನೀಲಿ ಆಕಾಶವೂ ಹೆಚ್ಚುಕಮ್ಮಿ ಅದೇ ಮಟ್ಟದ್ದು. ಸ್ಕ್ರೀನ್ ಮೋಡ್‌ನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಆಷಾಢದಲ್ಲಿ ಮದುವೆ ಇಲ್ಲ, ಸುಮ್ನೆ ಕೂರುವ ಬದಲು ಜಿಟಿಜಿಟಿ ಮಳೆಯಲ್ಲೇ ಬೈಕ್ ತೆಗೆದೆ. ಹೋಗಿಬರಲು ಪೆಟ್ರೋಲ್ ಮುನ್ನೂರು ಚಿಲ್ಲರೆ. ಕೋಟೆ ಪುರಾತತ್ವ ಇಲಾಖೆಯದ್ದು, ಟ್ರೈಪಾಡ್‌ಗೆ ಅನುಮತಿ ಬೇಕು. ಹಾಗಾಗಿ ಎಲ್ಲ ಕೈಯಲ್ಲೇ ಹಿಡಿದು ತೆಗೆದದ್ದು. ನೆನೆದ ಗ್ರಾನೈಟ್ ಹೇಗಿತ್ತು ಗೊತ್ತಾ? ಬಂಡೆ ಕಪ್ಪು, ನೀರು ಇಳಿದ ಕಡೆ ಮಾತ್ರ ಬೆಳ್ಳಗೆ ಗೆರೆ ಹೊಳೆಯುತ್ತಿತ್ತು. ಹಿಂದೆ ಮೋಡದ ಆಕಾಶ ಪೂರ್ತಿ ಬಿಳಿ. ಕಪ್ಪು-ಬಿಳುಪಿನ ಅಂತರ ಹೆಚ್ಚಿಸುವ ಕರ್ವ್ಸ್ ಟೂಲ್‌ಗೆ ಕೆಲಸವೇ ಉಳಿಯಲಿಲ್ಲ.

ಇನ್ನೊಂದು ತೊಡಕಿತ್ತು. ಆಕಾಶ ಬಿದ್ದ ಕಡೆ ಮುಖ ಬಿಳಿಯಲ್ಲಿ ಕರಗುತ್ತದೆ. ಮೂಗಿನ ಮೇಲೆ ಬಿದ್ದರೆ ಮೂಗೇ ಇಲ್ಲ! ಅದಕ್ಕೆ ಬಂಡೆಯ ಫೋಟೋವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ, ಕಪ್ಪು ಕಲ್ಲು ಹಣೆ, ಮೂಗು, ಗದ್ದದ ಅಂಚಿಗೆ ಬರುವಂತೆ ಜರುಗಿಸಿದೆ. ಆಕಾಶ ಹೋಗಿದ್ದು ನೆತ್ತಿಯ ಹಿಂದಕ್ಕೆ. ಕೋಟೆಗೋಡೆಯ ತೆನೆಗಳು ತಲೆಯಿಂದಲೇ ಎದ್ದಂತೆ ಕಂಡವು. ಕಣ್ಣಿನ ಜಾಗದಲ್ಲಿ ಬಂಡೆಯನ್ನು ಮರೆಮಾಡಲು ಲೇಯರ್ ಮಾಸ್ಕ್, ಮೆತ್ತಗಿನ ಬ್ರಷ್, ಇಪ್ಪತ್ತು ಪರ್ಸೆಂಟ್ ಫ್ಲೋ (ಬ್ರಷ್‌ನಿಂದ ಬಣ್ಣ ಬೀಳುವ ಪ್ರಮಾಣ). ಕೂದಲಿನ ಅಂಚು ಅಷ್ಟು ನೀಟಾಗಿ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಹೊಟ್ಟೆಪಾಡು, ಬಿಡಿ.

ನಡುವೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನೂ ಹಾಕಿ ನೋಡಿದೆ. ರೆಕ್ಕೆ ಕಿವಿಯ ಹತ್ತಿರ ಬಂದರೆ ಚೆನ್ನಾಗಿದೆ, ಬೇರೆಲ್ಲೂ ಬೇಡ. ಹುಚ್ಚಿಗೆ ಬೆಣ್ಣೆ ದೋಸೆಯನ್ನೂ ಬಿಡಲಿಲ್ಲ. ದೋಸೆಯ ತೂತುತೂತಿನ ಮೈಯನ್ನು ಹತ್ತಿರದಿಂದ ತೆಗೆದು, ಇನ್ವರ್ಟ್ ಮಾಡಿ (ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ) ಮುಖಕ್ಕೆ ಹಾಕಿದೆ. ಅಮ್ಮ ನೋಡಿ, "ಏನೋ ಇದು, ಅಮ್ಮ ಎದ್ದಂಗೈತಲ್ಲೋ, ತೆಗಿಯೋ ಅತ್ಲಾಗೆ" ಅಂದರು. ಸಿಡುಬಿನ ಗುಳ್ಳೆ ಎದ್ದಂತೆ ಕಂಡಿತ್ತು ಅವರಿಗೆ. ದೋಸೆಯ ಮೇಲಿನ ಬೆಣ್ಣೆಯ ಹೊಳಪು ಮಾತ್ರ ಬೇರೊಂದು ಕಡೆ ಉಪಯೋಗಕ್ಕೆ ಬಂತು. ಎಲ್ಲಿ ಅಂತ ಹೇಳಲ್ಲ.

ಪ್ರಿಂಟ್‌ನಲ್ಲೂ ಸುಮಾರು ಕಳೆದೆ. ಕಂಪ್ಯೂಟರ್ ಪರದೆ ಮೇಲೆ ಕಾಣುವ ನೀರಿನ ಗೆರೆಗಳು ಕಾಗದದ ಮೇಲೆ ಕಪ್ಪಲ್ಲಿ ಮುಳುಗುತ್ತಿದ್ದವು. ಹನ್ನೆರಡು-ಹದಿನೆಂಟು ಇಂಚಿನ ಪ್ರಿಂಟ್‌ಗೆ ನೂರಿಪ್ಪತ್ತು ರೂಪಾಯಿಯಂತೆ ಎಷ್ಟು ಹರಿದು ಹಾಕಿದೆನೋ. ಕೊನೆಗೆ ಫೋಟೋಶಾಪ್‌ನ ಲೆವೆಲ್ಸ್‌ನಲ್ಲಿ (0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ) ಔಟ್‌ಪುಟ್ ಕಪ್ಪನ್ನು 0ಯಿಂದ 18ರ ಹತ್ತಿರಕ್ಕೆ ಎತ್ತಿದೆ, ಬಿಳಿಯನ್ನು 245ಕ್ಕೆ ಇಳಿಸಿದೆ, ಮ್ಯಾಟ್ ಪೇಪರ್ ಹಾಕಿಸಿದೆ. ಗೆರೆಗಳೆಲ್ಲ ಎದ್ದು ಬಂದವು.

ನನ್ನ ಫೋಟೋ ಅಂಗಡಿಯಲ್ಲಿ ತೂಗುಹಾಕಿದ ಮೇಲೆ ಮೂರ್ನಾಲ್ಕು ಜನ ತಮ್ಮದೂ ಬೇಕೆಂದರು. ಫ್ರೇಮ್ ಸೇರಿ ಎರಡೂವರೆ ಸಾವಿರ ಹೇಳಿದೆ, ಚೌಕಾಸಿ ಮಾಡದೆ ಕೊಟ್ಟರು. ಬಂಡೆಯ ಫೋಟೋ ಮಾತ್ರ ಅವರವರಿಗೆ ಬೇರೆ ಬೇರೆ ಹುಡುಕಬೇಕು. ಚೂಪು ಮೂಗಿನವರಿಗೆ ಹೊಂದುವ ಕಲ್ಲು ದುಂಡು ಮುಖಕ್ಕೆ ಕೂರುವುದಿಲ್ಲ.