ಕ್ಲಿಪ್ ಆದ ಆಂಪ್ ಸ್ಪೀಕರ್ ಸುಡುತ್ತದೆಯೇ? ನಾನು ಅಳೆದು ನೋಡಿದ್ದು

"ಆಂಪ್ ಚಿಕ್ಕದಾದ್ರೆ ಕ್ಲಿಪ್ ಆಗಿ ಡಿಸಿ ಬರುತ್ತೆ, ಸ್ಪೀಕರ್ ಹೋಗುತ್ತೆ." ಮೈಕ್‌ಸೆಟ್ ಲೈನಿನಲ್ಲಿ ಎಲ್ಲರೂ ಹೇಳುವ ಮಾತಿದು. ಕ್ಲಿಪ್ ಅಂದರೆ ಆಂಪ್ (ಆಂಪ್ಲಿಫೈಯರ್) ತನ್ನ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸುವುದು; ಡಿಸಿ ಅಂದರೆ ಒಂದೇ ದಿಕ್ಕಿನ ಕರೆಂಟ್. ಆದರೆ ಗಣೇಶನ ಸೀಸನ್ ಮುಗಿದ ಮೇಲೆ ರಿಪೇರಿಗೆ ಬರುವ ಬಾಕ್ಸ್ ಬಿಚ್ಚಿದರೆ 15 ಇಂಚಿನ ವೂಫರ್ (ಬಾಸ್ ಸ್ಪೀಕರ್) ಬಹುತೇಕ ನೆಟ್ಟಗಿರುತ್ತದೆ. ಸತ್ತಿರುವುದು ಹಾರ್ನ್ ಡ್ರೈವರ್ (ಟ್ರೆಬಲ್ ನುಡಿಸುವ ಸಣ್ಣ ಸ್ಪೀಕರ್). ಕಾಯಿಲ್‌ನ ಎನಾಮಲ್ ಕಪ್ಪಗಾಗಿ, ಒಂದೆರಡು ಸುತ್ತು ಬಿಚ್ಚಿಕೊಂಡು ಮ್ಯಾಗ್ನೆಟ್ ಗ್ಯಾಪ್‌ನಲ್ಲಿ ಸಿಕ್ಕಿರುತ್ತದೆ. ಡಿಸಿ ಬಂದಿದ್ದರೆ ಮೊದಲು ಹೋಗಬೇಕಾದ್ದು ವೂಫರ್ ಅಲ್ಲವೇ? ಹಾರ್ನ್‌ನ ದಾರಿಯಲ್ಲಿ ಕ್ರಾಸ್‌ಓವರ್ ಕೆಪಾಸಿಟರ್ (ಬಾಸ್, ಟ್ರೆಬಲ್ ಬೇರ್ಪಡಿಸುವ ಭಾಗ) ಇದೆ, ಅದು ಡಿಸಿ ಬಿಡುವುದೇ ಇಲ್ಲ.

ಅದಕ್ಕೇ ಅಳೆದು ನೋಡಿದೆ. 8 ಓಮ್‌ಗೆ 100 ವಾಟ್ ಕೊಡುವ ಆಂಪ್, ಹಾರ್ನ್ ಜಾಗದಲ್ಲಿ 8 ಓಮ್ ಡಮ್ಮಿ ರೆಸಿಸ್ಟರ್, ಅದರ ಮೇಲೆ ಅಲೆಯ ಆಕಾರ ತೋರಿಸುವ ಸ್ಕೋಪ್. (ಅಗ್ಗದ ಮಲ್ಟಿಮೀಟರ್ ಟ್ರೆಬಲ್‌ನಲ್ಲಿ ಸುಳ್ಳು ಹೇಳುತ್ತದೆ, ನಂಬಬೇಡಿ.) ಡ್ಯಾನ್ಸ್ ಹಾಡು ಹಾಕಿ ಕ್ಲಿಪ್ ಲೈಟ್ ಮಿನುಗುವ ಅಂಚಿಗೆ ತಂದಾಗ ಸುಮಾರು 4 ವೋಲ್ಟ್, ಅಂದರೆ 2 ವಾಟ್. ಗೇನ್ 10 ಡಿಬಿ (ಶಕ್ತಿಯಲ್ಲಿ ಹತ್ತು ಪಟ್ಟು) ಏರಿಸಿದೆ. ಲೈಟ್ ಆರಲೇ ಇಲ್ಲ, ಹಾರ್ನ್ ಕಡೆ 10 ವೋಲ್ಟ್ ದಾಟಿತು: ಹನ್ನೆರಡು ವಾಟ್‌ಗೂ ಮೇಲೆ. ಬಾಸ್ ಮೇಲಕ್ಕೆ ಹೋಗಲು ಜಾಗವಿಲ್ಲದೆ ತಲೆ ಕತ್ತರಿಸಿಕೊಂಡಿತು, ಟ್ರೆಬಲ್ ಮಾತ್ರ ಏರುತ್ತಲೇ ಇತ್ತು. ಕ್ಲಿಪ್‌ನಿಂದ ಹುಟ್ಟುವ ಹಾರ್ಮೋನಿಕ್ಸ್ (ಮೂಲ ಸ್ವರದ ಗುಣಕಗಳಾದ ಮೇಲಿನ ಸ್ವರಗಳು) ಪಾಲು ಇದರಲ್ಲಿ ಸಣ್ಣದು. 100 ಹರ್ಟ್ಸ್ ಬಾಸ್ ಪೂರ್ತಿ ಚೌಕ ಅಲೆ ಆದರೂ 2000 ಹರ್ಟ್ಸ್ ಮೇಲಕ್ಕೆ, ಅಂದರೆ ಹಾರ್ನ್ ಕಡೆಗೆ, ಹೋಗುವುದು ಶಕ್ತಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ.

ಆಮೇಲೆ ಅದೇ ಹಾಡು, ಅದೇ ಗೇನ್, 1000 ವಾಟ್ ಆಂಪ್. ಕ್ಲಿಪ್ ಇಲ್ಲ, ಅಲೆ ಸ್ವಚ್ಛ. ಹಾರ್ನ್‌ಗೆ ಹೋದದ್ದು 20 ವಾಟ್! "ದೊಡ್ಡ ಆಂಪ್ ಹಾಕಿ, ಸೇಫ್" ಅನ್ನುವವರಿಗೆ ಈ ರೀಡಿಂಗ್ ತೋರಿಸುತ್ತೇನೆ. ಬಾಕ್ಸ್ ಮೇಲೆ 300 ವಾಟ್ ಅಂತ ಬರೆದಿದ್ದರೂ ಒಳಗಿನ ಸಣ್ಣ ಡ್ರೈವರ್ ಸತತವಾಗಿ ತಡೆಯುವುದು ಅದರ ಸಣ್ಣ ಪಾಲನ್ನಷ್ಟೇ.

ಹಾಗಂತ ಕ್ಲಿಪ್ ನಿರಪರಾಧಿ ಅಲ್ಲ. ಪೂರ್ತಿ ಚೌಕ ಅಲೆಯಾದರೆ 100 ವಾಟ್ ಆಂಪ್, ಅದರ ಪವರ್ ಸಪ್ಲೈ ತಾಳಿಕೊಂಡರೆ, 200 ವಾಟ್ ತನಕ ಕೊಡುತ್ತದೆ. ಆದರೆ ಗಿಟಾರ್ ಆಂಪ್‌ಗಳು ದಿನವಿಡೀ ಕ್ಲಿಪ್ ಆಗಿಯೇ ನುಡಿಯುತ್ತವೆ, ಆ ಸ್ಪೀಕರ್‌ಗಳು ಸುಡುವುದಿಲ್ಲ, ಏಕೆಂದರೆ ಅಷ್ಟು ಶಾಖ ತಡೆಯುವಂತೆಯೇ ಆರಿಸಿರುತ್ತಾರೆ.

ನನ್ನ ಕಣ್ಣಿಗೆ ದೊಡ್ಡ ಶತ್ರು ಮೈಕ್ ಕೂಗು (ಸ್ಪೀಕರ್ ಸದ್ದು ಮತ್ತೆ ಮೈಕ್ ಸೇರಿ ಸುತ್ತುವುದು). 3000 ಹರ್ಟ್ಸ್ ಶಿಳ್ಳೆ ಬಿದ್ದರೆ ಆಂಪ್‌ನ ಶಕ್ತಿಯೆಲ್ಲಾ ಹಾರ್ನ್‌ಗೇ. ಬಾಡಿಗೆ ಬಾಕ್ಸ್‌ಗಳಲ್ಲಿ ಹಾರ್ನ್‌ಗೆ ಸೀರೀಸ್‌ನಲ್ಲಿ 24 ವೋಲ್ಟ್ ಲಾರಿ ಬಲ್ಬ್ ಹಾಕಿದ್ದೇನೆ: ತಂಪಾಗಿದ್ದಾಗ ರೆಸಿಸ್ಟೆನ್ಸ್ ಕಡಿಮೆ, ಬಿಸಿಯಾದರೆ ಏರಿ ಕರೆಂಟ್ ತಡೆಯುತ್ತದೆ. ಗ್ರಿಲ್ ಸಂದಿಯಲ್ಲಿ ಬೆಳಕು ಕಂಡರೆ ಆಪರೇಟರ್ ಮಾಸ್ಟರ್ ಇಳಿಸಬೇಕು.